ಕೌಶಲ ಇದ್ದರೆ ಸಾಲದು, ಆಟ ಸಿಗಬೇಕು: ಹವ್ಯಾಸಿ ಪೋಕರ್ ಆಟಗಾರನ ಲೆಕ್ಕ

ಪೋಕರ್ ಎಂಬ ಇಸ್ಪೀಟಿನ ಆಟ ಜೂಜೋ ಕೌಶಲವೋ ಎಂಬ ವ್ಯಾಜ್ಯ ನಮ್ಮ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದಿದೆ. ಅದು ತೀರ್ಮಾನವಾಗುವ ಮೊದಲೇ ಸಂಸತ್ತು ಪ್ರಶ್ನೆಯನ್ನೇ ಬದಿಗೆ ಸರಿಸಿತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಪಾಸಾಯಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ದುಡ್ಡು ಕಟ್ಟಿ, ದುಡ್ಡು ಗೆಲ್ಲುವ ಆಸೆಯಿಂದ ಆಡುವ ಯಾವುದೇ ಆನ್‌ಲೈನ್ ಆಟ, ಅದು ಕೌಶಲದ್ದಿರಲಿ, ಅದೃಷ್ಟದ್ದಿರಲಿ, ಎರಡೂ ಬೆರೆತದ್ದಿರಲಿ, ನಿಷಿದ್ಧ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ, ಕಾಯ್ದೆ ಅವನನ್ನು ಬಲಿಪಶು ಎಂದೇ ಕಾಣುತ್ತದೆ. ದೇಶದ ದೊಡ್ಡ ಪೋಕರ್ ಆ್ಯಪ್‌ಗಳೆಲ್ಲ ಆಗಲೇ ಹಣದ ಆಟ ನಿಲ್ಲಿಸಿದವು.

ಅಂದಿನಿಂದ ನಡೆದ ಚರ್ಚೆಯಲ್ಲಿ ಎರಡು ದನಿ ಜೋರಾಗಿ ಕೇಳಿಸಿವೆ. ಒಂದು, ಉದ್ಯೋಗ ಹೋಯಿತು, ಹೂಡಿಕೆ ಹೋಯಿತು ಎನ್ನುವ ಕಂಪನಿಗಳದ್ದು. ಇನ್ನೊಂದು, ಮನೆಯ ಮಗ ಸಾಲ ಮಾಡಿ ಆಡಿ ಹಾಳಾದ ಎನ್ನುವ ಕುಟುಂಬಗಳದ್ದು. ಇವೆರಡರ ನಡುವೆ ಸಿಕ್ಕಿಕೊಂಡ ಮೂರನೆಯವನೊಬ್ಬನಿದ್ದಾನೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಸಾಫ್ಟ್‌ವೇರ್ ಕೆಲಸ, ಬ್ಯಾಂಕ್ ಕೆಲಸ ಅಥವಾ ಅಂಗಡಿ ವ್ಯಾಪಾರ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂರುವವ. ಕ್ಯಾಶ್ ಗೇಮ್ ಆಡುವುದಿಲ್ಲ, ಟೂರ್ನಮೆಂಟ್ ಮಾತ್ರ. ಅದರಿಂದ ಬದುಕುತ್ತಿಲ್ಲ, ಬದುಕುವ ಭ್ರಮೆಯೂ ಇಲ್ಲ. ಆದರೆ ಪೋಕರನ್ನು ಚೆಸ್ಸಿನಷ್ಟೇ ಗಂಭೀರವಾಗಿ ಓದುತ್ತಾನೆ. ಈ ಲೇಖನ ಅವನ ಲೆಕ್ಕದ ಬಗ್ಗೆ. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಗೆ ಉತ್ತರ ಎಲೆಗಳಲ್ಲಿಲ್ಲ, ಆಟದ ಸಂಖ್ಯೆಯಲ್ಲಿದೆ ಎಂಬುದು ನನ್ನ ವಾದ. ಹವ್ಯಾಸಿ ಕಳೆದುಕೊಂಡದ್ದೂ ಆ ಸಂಖ್ಯೆಯನ್ನೇ.

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯಾಶ್ ಗೇಮಿನಲ್ಲಿ ಮುಂದಿರುವ ಚಿಪ್ಸ್ ನಿಜವಾದ ದುಡ್ಡು. ಬೇಕಾದಾಗ ಎದ್ದು ಹೋಗಬಹುದು, ಸೋತರೆ ಜೇಬಿನಿಂದ ಮತ್ತೆ ತೆಗೆಯಬಹುದು. ಟೂರ್ನಮೆಂಟಿನಲ್ಲಿ ಎಲ್ಲರೂ ಒಂದೇ ಮೊತ್ತ ಕಟ್ಟಿ ಕೂರುತ್ತಾರೆ, ಎಲ್ಲರಿಗೂ ಒಂದೇ ಸಂಖ್ಯೆಯ ಚಿಪ್ಸ್. ಆ ಚಿಪ್ಸಿಗೆ ಹೊರಗೆ ಬೆಲೆಯಿಲ್ಲ. ಪ್ರತಿ ಅರ್ಧ ಗಂಟೆಗೋ ನಲವತ್ತು ನಿಮಿಷಕ್ಕೋ ಬ್ಲೈಂಡ್, ಅಂದರೆ ಆಡದಿದ್ದರೂ ಕಡ್ಡಾಯವಾಗಿ ಇಡಬೇಕಾದ ಪಣ, ಏರುತ್ತ ಹೋಗುತ್ತದೆ. ಚಿಪ್ಸ್ ಖಾಲಿಯಾದವನು ಹೊರಗೆ. ಕೊನೆಗುಳಿದ ನೂರಕ್ಕೆ ಹನ್ನೆರಡು ಹದಿನೈದು ಮಂದಿಗೆ ಮಾತ್ರ ಬಹುಮಾನ, ಅದರಲ್ಲೂ ಸಿಂಹಪಾಲು ಮೊದಲ ಮೂವರಿಗೆ. ಕಟ್ಟಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಸಾಧ್ಯವಿಲ್ಲ ಎಂಬುದೇ ಟೂರ್ನಮೆಂಟಿನ ದೊಡ್ಡ ಗುಣ. ಈ ಗುಣಕ್ಕೂ ಒಂದು ತೂತಿದೆ, ಆಮೇಲೆ ನೋಡೋಣ.

ಕೌಶಲ ಇದೆಯೇ? ಇದೆ, ಅನುಮಾನ ಬೇಡ. ಚಿಕಾಗೊ ವಿಶ್ವವಿದ್ಯಾಲಯದ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ವಾರ್ಷಿಕ ಟೂರ್ನಮೆಂಟ್ ಸರಣಿಯ 2010ರ ಫಲಿತಾಂಶಗಳನ್ನು ಕೂಡಿ ಕಳೆದು ನೋಡಿದರು. ನುರಿತವರು ಎಂದು ಮೊದಲೇ ಹೆಸರಾಗಿದ್ದ ಆಟಗಾರರು ಕಟ್ಟಿದ ಹಣದ ಮೇಲೆ ಶೇ 30ರಷ್ಟು ಲಾಭ ಮಾಡಿದ್ದರು. ಉಳಿದವರೆಲ್ಲ ಸೇರಿ ಶೇ 15ರಷ್ಟು ಕಳೆದುಕೊಂಡಿದ್ದರು. ಪೂರ್ತಿ ಅದೃಷ್ಟದ ಆಟದಲ್ಲಿ ಇಂಥ ಅಂತರ ಬರುವುದಿಲ್ಲ. ಪೋಕರ್ ಪರ ವಕೀಲರಿಗೆ ಇದು ಅಚ್ಚುಮೆಚ್ಚಿನ ಅಧ್ಯಯನ. ಆದರೆ ನಮ್ಮ ಹವ್ಯಾಸಿ ಓದಬೇಕಾದದ್ದು ಎರಡನೆಯ ಅಂಕಿಯನ್ನು. 'ಉಳಿದವರೆಲ್ಲ' ಎಂದರೆ ಅವನೇ. ಆಟದಲ್ಲಿ ಕೌಶಲ ಇದೆ ಎಂದು ಸಾಬೀತಾದಷ್ಟೂ, ಕೌಶಲ ಕಡಿಮೆಯಿರುವವನ ಹಣ ಹೆಚ್ಚಿರುವವನ ಕಡೆ ಹರಿಯುತ್ತದೆ ಎಂಬುದೂ ಸಾಬೀತಾಗುತ್ತದೆ. ಪೋಕರ್ ಸಂಘದವರು ಈ ಎರಡನೇ ವಾಕ್ಯವನ್ನು ಜೋರಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಈಗ ಸಂಖ್ಯೆಗೆ ಬರೋಣ. ಇನ್ನೂರು ಜನ ಆಡುವ ಟೂರ್ನಮೆಂಟ್ ಎಂದಿಟ್ಟುಕೊಳ್ಳಿ. ಎಲ್ಲರೂ ಸಮಬಲರಾಗಿದ್ದರೆ ಒಬ್ಬೊಬ್ಬನಿಗೆ ಮೊದಲ ಸ್ಥಾನ ಸಿಗುವ ಸಾಧ್ಯತೆ ಇನ್ನೂರರಲ್ಲಿ ಒಂದು. ನಮ್ಮವನು ಸರಾಸರಿಗಿಂತ ಎರಡು ಪಟ್ಟು ಉತ್ತಮ ಎನ್ನೋಣ, ಉದಾರವಾಗಿಯೇ. ಆಗ ನೂರರಲ್ಲಿ ಒಂದು. ವರ್ಷಕ್ಕೆ ಎಂಟು ಟೂರ್ನಮೆಂಟ್ ಆಡಲು ರಜೆ, ದುಡ್ಡು, ಮನೆಯವರ ಒಪ್ಪಿಗೆ ಎಲ್ಲ ಒದಗಿದರೆ ಅವನು ಸರಾಸರಿ ಹನ್ನೆರಡೂವರೆ ವರ್ಷಕ್ಕೊಮ್ಮೆ ಗೆಲ್ಲುತ್ತಾನೆ. ಹೆಚ್ಚುಕಡಿಮೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಲೆಕ್ಕ. ಬಹುಮಾನದ ಪಟ್ಟಿಗೆ ಬರುವುದನ್ನೇ ತೆಗೆದುಕೊಳ್ಳಿ. ಸಾಮಾನ್ಯ ಆಟಗಾರ ನೂರಕ್ಕೆ 13 ಬಾರಿ ಪಟ್ಟಿಗೆ ಬಂದರೆ ಇವನು 18 ಬಾರಿ ಬರುತ್ತಾನೆ ಎನ್ನೋಣ. ಇಡೀ ವರ್ಷದ ಎಂಟೂ ಆಟದಲ್ಲಿ ಬರಿಗೈಯಾಗುವ ಸಾಧ್ಯತೆ ಸಾಮಾನ್ಯನಿಗೆ ಶೇ 33, ಇವನಿಗೆ ಶೇ 20. ಅಂದರೆ ಚೆನ್ನಾಗಿ ಆಡುವ ಐವರಲ್ಲಿ ಒಬ್ಬ ವರ್ಷವಿಡೀ ಒಂದು ರೂಪಾಯಿ ಕಾಣುವುದಿಲ್ಲ, ಸಾಮಾನ್ಯರಾದ ಮೂವರಲ್ಲಿ ಇಬ್ಬರು ಒಮ್ಮೆಯಾದರೂ ಕಾಣುತ್ತಾರೆ. ಎಂಟು ಆಟದಿಂದ ಯಾರು ಯಾರೆಂದು ಹೇಳಲು ಬ್ರಹ್ಮನಿಗೂ ಆಗದು.

ಅದೇ ಮನುಷ್ಯ ವಾರಕ್ಕೆ ಮೂರು ರಾತ್ರಿ, ರಾತ್ರಿಗೆ ಮೂರು ಸಣ್ಣ ಆನ್‌ಲೈನ್ ಟೂರ್ನಮೆಂಟ್ ಆಡಿದರೆ ವರ್ಷಕ್ಕೆ ನಾನೂರು ದಾಟುತ್ತದೆ. ಗೆಲುವು ವರ್ಷಕ್ಕೆ ನಾಲ್ಕು. ಈಗ ಕೌಶಲ ಕಣ್ಣಿಗೆ ಕಾಣಿಸುತ್ತದೆ. ಇಲ್ಲದಿದ್ದರೆ ಇಲ್ಲ ಎಂಬುದೂ ಕಾಣಿಸುತ್ತದೆ, ಮತ್ತು ಬಹಳ ಜನರಿಗೆ ಕಾಣಿಸಬೇಕಾದದ್ದು ಅದೇ. ಮುಗಿದ ಪ್ರತಿ ಆಟದ ದಾಖಲೆಯನ್ನು ಹ್ಯಾಂಡ್ ಹಿಸ್ಟರಿಯಾಗಿ ಇಳಿಸಿಕೊಂಡು, ಸಾಲ್ವರ್ ಎಂಬ ತಂತ್ರಾಂಶಕ್ಕೆ ಹಾಕಿ, ಎಲ್ಲಿ ಎಡವಿದೆ ಎಂದು ನೋಡಬಹುದಿತ್ತು. ಕಾಯ್ದೆ ಬಂದ ಮೇಲೆ ಉಳಿದದ್ದು ಗೋವಾದ ಕ್ಯಾಸಿನೊಗಳಿಗೆ ಹೋಗಿ ಆಡುವ, ವರ್ಷಕ್ಕೆ ಎಂಟರ ದಾರಿ. ಜೂಜು ತಡೆಯಲೆಂದು ಬಂದ ಕಾನೂನು ಹವ್ಯಾಸಿಯ ಮಟ್ಟಿಗೆ ಆಟವನ್ನು ಇನ್ನಷ್ಟು ಜೂಜಾಗಿಸಿತು.

ಟೂರ್ನಮೆಂಟಿನೊಳಗೂ ಇದೇ ಕಥೆ. ಕೈಯಲ್ಲಿ ಎಕ್ಕದ ಜೋಡಿ, ಎದುರಾಳಿಯ ಕೈಯಲ್ಲಿ ರಾಜನ ಜೋಡಿ, ಇಬ್ಬರೂ ಇದ್ದ ಚಿಪ್ಸನ್ನೆಲ್ಲ ಮಧ್ಯಕ್ಕೆ ತಳ್ಳಿದ್ದಾರೆ ಎನ್ನಿ. ಪೋಕರಿನಲ್ಲಿ ಇದಕ್ಕಿಂತ ಒಳ್ಳೆಯ ಸ್ಥಿತಿ ಸಿಗುವುದು ಕಷ್ಟ. ಆದರೂ ಎಕ್ಕ ಗೆಲ್ಲುವುದು ಐದರಲ್ಲಿ ನಾಲ್ಕು ಬಾರಿ, ಅಷ್ಟೆ. ಇಂಥ ಸನ್ನಿವೇಶ ಒಂದೇ ದಿನ ಮೂರು ಸಲ ಬಂದರೆ ಮೂರರಲ್ಲೂ ಉಳಿಯುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. ಇನ್ನು ಎರಡರ ಜೋಡಿಗೂ ಎಕ್ಕ-ರಾಜನಿಗೂ ಬೀಳುವ ಪಂದ್ಯ ನಾಣ್ಯ ಚಿಮ್ಮಿದಷ್ಟೇ ಸಮ. ಮೊದಲ ಬಹುಮಾನ ಮುಟ್ಟಬೇಕಾದರೆ ಇಂಥ ಹಲವು ಕಂಟಕಗಳನ್ನು ಸಾಲಾಗಿ ದಾಟಬೇಕು. ಸೋತವನು ತಾನು ಸರಿಯಾಗಿಯೇ ಆಡಿದೆ ಎಂದು ಹೇಳಿಕೊಳ್ಳುತ್ತಾನೆ, ಹಲವು ಸಲ ಅದು ನಿಜವೂ ಹೌದು. ಹಲವು ಸಲ ಅಲ್ಲ. ವ್ಯತ್ಯಾಸ ತಿಳಿಯದಿರುವುದೇ ಈ ಆಟದ ಅಪಾಯ: ತಪ್ಪು ಮಾಡಿದವನಿಗೂ ಅದೃಷ್ಟದ ನೆಪ ಯಾವಾಗಲೂ ಸಿದ್ಧವಾಗಿರುತ್ತದೆ.

ಬಬಲ್ ಎನ್ನುವ ಘಟ್ಟವನ್ನು ಹತ್ತಿರದಿಂದ ನೋಡಿದರೆ ಹವ್ಯಾಸಿಯ ಸ್ಥಿತಿ ಅರ್ಥವಾಗುತ್ತದೆ. ಇಪ್ಪತ್ತೇಳು ಜನಕ್ಕೆ ಬಹುಮಾನ, ಉಳಿದವರು ಇಪ್ಪತ್ತೆಂಟು. ಇನ್ನೊಬ್ಬ ಹೊರಬಿದ್ದರೆ ಮಿಕ್ಕವರೆಲ್ಲ ದುಡ್ಡಿನೊಳಗೆ. ಒಂದು ಟೇಬಲ್ ಬೇಗ ಆಡಿ ಇನ್ನೊಂದು ನಿಧಾನ ಮಾಡಬಾರದೆಂದು ಎಲ್ಲ ಟೇಬಲ್‌ಗಳಲ್ಲೂ ಒಂದೊಂದೇ ಕೈಯನ್ನು ಒಟ್ಟಿಗೆ ಹಂಚುತ್ತಾರೆ. ಹಂಚಿದ ಕೈ ಮುಗಿದ ಟೇಬಲ್‌ನವರು ಎದ್ದು ನಿಂತು ಪಕ್ಕದ ಟೇಬಲಿನತ್ತ ಕತ್ತು ಚಾಚುತ್ತಾರೆ, ಯಾರಾದರೂ ಆಲ್-ಇನ್ ಹೋದರೇ, ಅಂದರೆ ಇದ್ದ ಚಿಪ್ಸನ್ನೆಲ್ಲ ಪಣಕ್ಕಿಟ್ಟರೇ ಎಂದು. ನಮ್ಮವನ ಮುಂದೆ ಆರೇ ಆರು ಬಿಗ್ ಬ್ಲೈಂಡ್‌ನಷ್ಟು ಚಿಪ್ಸ್. ಎಲೆ ಎತ್ತಿ ನೋಡಿದರೆ ಎಕ್ಕ, ಹತ್ತು. ಪುಸ್ತಕದ ಪ್ರಕಾರ ತಳ್ಳಬೇಕಾದ ಕೈ. ಆದರೆ ಎಡಗಡೆ ಕೂತಿರುವ ವೃತ್ತಿಪರನ ಮುಂದೆ ಚಿಪ್ಸಿನ ಗುಡ್ಡವಿದೆ. ಅವನಿಗೆ ಸೋತರೂ ನಷ್ಟವಿಲ್ಲ. ಅವನು ಒಂದು ಗಂಟೆಯಿಂದ ಇದೇ ಭಯವನ್ನು ಕರೆದು ಕುಡಿಯುತ್ತಿದ್ದಾನೆ, ಪ್ರತಿ ಕೈಗೂ ಪಣ ಏರಿಸಿ ಎಲ್ಲರ ಬ್ಲೈಂಡ್ ಬಾಚಿಕೊಳ್ಳುತ್ತಿದ್ದಾನೆ. ನಮ್ಮವನು ಎಲೆ ಕೆಳಗಿಡುತ್ತಾನೆ. ಎರಡು ಕೈ ಕಳೆದ ಮೇಲೆ ಆಚೆ ಟೇಬಲಿನಲ್ಲಿ ಯಾರೋ ಹೊರಬೀಳುತ್ತಾರೆ, ಹಾಲ್‌ನಲ್ಲಿ ಚಪ್ಪಾಳೆ. ಮುಂದಿನ ಹತ್ತು ನಿಮಿಷದಲ್ಲಿ ಚಿಪ್ಸ್ ಉಳಿಯದೆ ನಮ್ಮವನೂ ಇಪ್ಪತ್ತಾರನೆಯವನಾಗಿ ಎದ್ದು ಬರುತ್ತಾನೆ.

ಅವನು ಗೆದ್ದನೇ? ಇಪ್ಪತ್ತು ಸಾವಿರದ ಬೈ-ಇನ್‌ಗೆ, ಅಂದರೆ ಪ್ರವೇಶಕ್ಕೆ ಕಟ್ಟಿದ ಹಣಕ್ಕೆ, ಈ ಸ್ಥಾನದಲ್ಲಿ ಸಾಮಾನ್ಯವಾಗಿ ಅದರ ಎರಡು ಪಟ್ಟಿನ ಆಸುಪಾಸು, ನಲವತ್ತು ಸಾವಿರ ಬಹುಮಾನ ಎನ್ನೋಣ. ಹತ್ತು ಸಾವಿರ ದಾಟಿದ ಬಹುಮಾನಕ್ಕೆ ಮೂಲದಲ್ಲೇ ಶೇ 30 ತೆರಿಗೆ ಕಡಿತ, ಅಂದರೆ ಹನ್ನೆರಡು ಸಾವಿರ ಹೋಯಿತು. ಕೈಗೆ ಇಪ್ಪತ್ತೆಂಟು. ಲಾಭ ಎಂಟು ಸಾವಿರ. ಬೆಂಗಳೂರಿನಿಂದ ಗೋವಾಕ್ಕೆ ಹೋಗಿ ಬಂದ ಖರ್ಚು, ಎರಡು ರಾತ್ರಿಯ ರೂಮು ಇಷ್ಟರಲ್ಲಿ ಮುಗಿಯುವುದಿಲ್ಲ. ಮೊದಲ ಬಾರಿ ಸೋತು ಇನ್ನೊಮ್ಮೆ ಹಣ ಕಟ್ಟಿ ಒಳಬಂದಿದ್ದರೆ ಚಪ್ಪಾಳೆಯ ನಡುವೆಯೇ ಹನ್ನೆರಡು ಸಾವಿರ ನಷ್ಟ.

ತೆರಿಗೆಯ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಹವ್ಯಾಸಿಯ ಬದುಕಿನಲ್ಲಿ ಎಲೆಗಿಂತ ಹೆಚ್ಚು ನಿರ್ಧಾರಕವಾದದ್ದು ಇದು. ಇಸ್ಪೀಟು, ಲಾಟರಿ, ಕುದುರೆ ಪಂದ್ಯಗಳಿಂದ ಬಂದ ಹಣಕ್ಕೆ ನೇರವಾಗಿ ಶೇ 30, ಸೆಸ್ ಸೇರಿ ಶೇ 31.2. ಆದಾಯ ಕಡಿಮೆಯಿದ್ದರೂ ವಿನಾಯಿತಿ ಇಲ್ಲ. ಆ ಗೆಲುವಿಗಾಗಿ ಮಾಡಿದ ಖರ್ಚನ್ನು ಕಳೆಯುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 58(4)ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿತು. ವರ್ಷಕ್ಕೆ ಎಂಟು ಟೂರ್ನಮೆಂಟಿಗೆ ಒಟ್ಟು 1,60,000 ಕಟ್ಟಿ, ಏಳರಲ್ಲಿ ಸೋತು, ಒಂದರಲ್ಲಿ ಎರಡು ಲಕ್ಷ ಗೆದ್ದವನ ನಿಜವಾದ ಲಾಭ ನಲವತ್ತು ಸಾವಿರ. ತೆರಿಗೆ ಬೀಳುವುದು ಎರಡು ಲಕ್ಷದ ಮೇಲೆ, 62,400. ಅಂದರೆ ಗೆದ್ದ ವರ್ಷದಲ್ಲಿ ಅವನಿಗೆ 22,400 ನಷ್ಟ.

ಆನ್‌ಲೈನ್‌ನಲ್ಲಿ ಹೀಗಿರಲಿಲ್ಲ ಎಂಬುದು ಸೋಜಿಗ. 2023ರ ಏಪ್ರಿಲ್‌ನಿಂದ ಬಂದ ನಿಯಮದಲ್ಲಿ ಒಂದು ಆ್ಯಪ್‌ಗೆ ವರ್ಷವಿಡೀ ಹಾಕಿದ ಹಣವನ್ನು ತೆಗೆದ ಹಣದಿಂದ ಕಳೆದು, ಉಳಿದ ನಿವ್ವಳ ಗೆಲುವಿಗೆ ಮಾತ್ರ ಶೇ 30. ಮೇಲಿನ ಮನುಷ್ಯನೇ ಒಂದು ಆ್ಯಪ್‌ನಲ್ಲಿ ಅಷ್ಟೇ ಆಡಿದ್ದರೆ ನಲವತ್ತು ಸಾವಿರಕ್ಕೆ 12,480 ಕಟ್ಟಿ 27,520 ಮನೆಗೆ ತರುತ್ತಿದ್ದ. ದೇಶದಲ್ಲಿ ಪೋಕರಿಗೆ ಇದ್ದ ಒಂದೇ ಒಂದು ನ್ಯಾಯವಾದ ತೆರಿಗೆ ಲೆಕ್ಕ ಆನ್‌ಲೈನ್ ಆಟದ್ದು. ನಿಷೇಧವಾದದ್ದೂ ಅದೇ. ಅಮೆರಿಕದಲ್ಲಿ 2026ರಿಂದ ಜೂಜಿನ ನಷ್ಟದ ಶೇ 90ರಷ್ಟನ್ನು ಮಾತ್ರ ಗೆಲುವಿನಿಂದ ಕಳೆಯಬಹುದು ಎಂಬ ನಿಯಮ ಬಂದಾಗ ಅಲ್ಲಿನ ಆಟಗಾರರು ಊರು ಒಂದು ಮಾಡಿದರು. ನಮ್ಮಲ್ಲಿ ಸೊನ್ನೆ, ಯಾರಿಗೂ ಸುದ್ದಿಯಲ್ಲ.

ಇದರ ಮೇಲೆ ಜಿಎಸ್‌ಟಿ. ಮೊದಲು ಆಡಿಸುವವರು ತೆಗೆದುಕೊಳ್ಳುವ ಶುಲ್ಕದ ಮೇಲೆ ಮಾತ್ರ ಬೀಳುತ್ತಿದ್ದ ತೆರಿಗೆ 2023ರ ಅಕ್ಟೋಬರ್ 1ರಿಂದ ಆಟಗಾರ ಹಾಕಿದ ಪೂರ್ತಿ ಹಣಕ್ಕೆ ಶೇ 28 ಆಯಿತು. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗಳಿಗೂ ಸೇರಿ ಶೇ 40. ರೂಲೆಟ್ ಆಡುವವನು ಕ್ಯಾಸಿನೊ ವಿರುದ್ಧ ಆಡುತ್ತಾನೆ. ಪೋಕರಿನಲ್ಲಿ ಆಟಗಾರರು ಪರಸ್ಪರರ ವಿರುದ್ಧ ಆಡುತ್ತಾರೆ, ಆಡಿಸುವವರ ಪಾಲು ಶುಲ್ಕದಷ್ಟು ಮಾತ್ರ. ನೂರು ಜನ ಹತ್ತತ್ತು ಸಾವಿರ ಹಾಕಿದರೆ ಹತ್ತು ಲಕ್ಷ, ಶುಲ್ಕ ಶೇ 10 ಎಂದರೆ ಆಡಿಸುವವರಿಗೆ ಒಂದು ಲಕ್ಷ. ಹತ್ತು ಲಕ್ಷದ ಮೇಲಿನ ಶೇ 40 ಎಂದರೆ ನಾಲ್ಕು ಲಕ್ಷ. ಅದು ಆಟಗಾರನ ಜೇಬಿನಿಂದಲೋ ಬಹುಮಾನದ ಮೊತ್ತದಿಂದಲೋ ಬರಲೇಬೇಕು. ಶೇ 30 ಲಾಭ ಮಾಡುವ ಜಗತ್ತಿನ ಅತ್ಯುತ್ತಮರೂ ಈ ಭಾರದಡಿ ಮೇಲೇಳಲಾರರು. ಇನ್ನು 'ಉಳಿದವರ' ಮಾತೆಲ್ಲಿ?

ಹಾಗಾದರೆ ಹವ್ಯಾಸಿಗಳು ಈ ಆಟಕ್ಕೆ ಬಂದದ್ದಾದರೂ ಯಾಕೆ? ಇದಕ್ಕೆ 2003ರ ಒಂದು ಫಲಿತಾಂಶವೇ ಬಹುಪಾಲು ಹೊಣೆ. ಅಮೆರಿಕದ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ (ಹುಟ್ಟು ಹೆಸರೇ ಅದು) ನೂರು ಡಾಲರ್‌ಗೂ ಕಡಿಮೆ ಹಣದ ಆನ್‌ಲೈನ್ ಸ್ಯಾಟಲೈಟ್, ಅಂದರೆ ದೊಡ್ಡ ಟೂರ್ನಮೆಂಟಿನ ಸೀಟನ್ನೇ ಬಹುಮಾನವಾಗಿ ಕೊಡುವ ಸಣ್ಣ ಟೂರ್ನಮೆಂಟ್ ಗೆದ್ದ. ಹತ್ತು ಸಾವಿರ ಡಾಲರ್ ಪ್ರವೇಶದ ವರ್ಲ್ಡ್ ಸೀರೀಸ್ ಮೇನ್ ಇವೆಂಟಿಗೆ ಹೋದ. 838 ಜನರನ್ನು ಹಿಂದಿಕ್ಕಿ ಇಪ್ಪತ್ತೈದು ಲಕ್ಷ ಡಾಲರ್ ಗೆದ್ದ. ಮೂರೇ ವರ್ಷದಲ್ಲಿ ಆ ಟೂರ್ನಮೆಂಟಿನ ಆಟಗಾರರ ಸಂಖ್ಯೆ 8,773ಕ್ಕೆ ಏರಿತು. 2024ರಲ್ಲಿ 10,112. ಕ್ರಿಕೆಟ್ ವಿಶ್ವಕಪ್‌ಗೆ ನೀವು ದುಡ್ಡು ಕಟ್ಟಿ ಇಳಿಯಲಾಗದು, ಇಲ್ಲಿ ಇಳಿಯಬಹುದು. ವಿಶ್ವ ಚಾಂಪಿಯನ್ ಪಕ್ಕದಲ್ಲೇ ನಿಮ್ಮ ಕುರ್ಚಿ ಬೀಳಬಹುದು. ಆಕರ್ಷಣೆಯ ಗುಟ್ಟು ಇಷ್ಟೇ.

ನಮ್ಮ ಆ್ಯಪ್‌ಗಳು ಇದೇ ಏಣಿಯನ್ನು ಇಲ್ಲಿ ಕಟ್ಟಿದ್ದವು. ಕೆಲವು ನೂರು ರೂಪಾಯಿಯ ಸ್ಯಾಟಲೈಟ್ ಗೆದ್ದವನಿಗೆ ಗೋವಾದ ಟೂರ್ನಮೆಂಟಿನ ಸೀಟು. ಸೋತರೆ ಒಂದು ಸಿನಿಮಾ ಟಿಕೆಟಿನಷ್ಟು ಹಣ ಹೋಯಿತು, ಅಷ್ಟೆ. ಈಗ ಗೋವಾದ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಟೂರ್ನಮೆಂಟ್ ಉಳಿದಿದೆ, ಏಣಿಯ ಕೆಳಗಿನ ಮೆಟ್ಟಿಲುಗಳಿಲ್ಲ. ನೇರವಾಗಿ ಹದಿನೈದೋ ಇಪ್ಪತ್ತೋ ಸಾವಿರದ ಮೆಟ್ಟಿಲಿಗೇ ಕಾಲಿಡಬೇಕು. ಕನ್ನಡಿಗರ ಪೈಕಿ ದೊಡ್ಡ ಹೆಸರು ಸಂತೋಷ್ ಸುವರ್ಣ. 2024ರಲ್ಲಿ ಲಾಸ್ ವೇಗಸ್‌ನಲ್ಲಿ ಎರಡೂವರೆ ಲಕ್ಷ ಡಾಲರ್ ಪ್ರವೇಶದ ಟೂರ್ನಮೆಂಟ್ ಗೆದ್ದು 54 ಲಕ್ಷ ಡಾಲರ್ ಬಾಚಿದವರು. ಹೆಮ್ಮೆಯ ವಿಷಯವೇ, ಆದರೆ ಆ ಒಂದು ಪ್ರವೇಶಕ್ಕೇ ಎರಡು ಕೋಟಿ ರೂಪಾಯಿ. ತಿಂಗಳ ಸಂಬಳದವನಿಗೆ ಅದರಿಂದ ಕಲಿಯುವುದು ಏನೂ ಇಲ್ಲ.

ಇಂಥ ಗೆಲುವುಗಳ ವರದಿ ಓದುವಾಗ ಒಂದು ಎಚ್ಚರ ಬೇಕು. ಜಗತ್ತಿನ ಆಟಗಾರರ 'ಒಟ್ಟು ಗಳಿಕೆ' ಎಂದು ಪೋಕರ್ ದಾಖಲೆಗಳಲ್ಲಿ ಕಾಣುವ ಅಂಕಿ ಬಹುಮಾನಗಳ ಮೊತ್ತ ಮಾತ್ರ. ಕಟ್ಟಿದ ಹಣ ಅದರಲ್ಲಿ ಕಳೆದಿರುವುದಿಲ್ಲ. ಹತ್ತು ಲಕ್ಷ ಗಳಿಕೆ ಎಂದು ಹೆಸರಿನ ಮುಂದೆ ಇರುವವನು ಹದಿನೈದು ಲಕ್ಷ ಕಟ್ಟಿರಬಹುದು. ಜೊತೆಗೆ, ಅವನ ಬೈ-ಇನ್‌ನಲ್ಲಿ ಅರ್ಧ ಪಾಲು ಗೆಳೆಯರದ್ದಾಗಿದ್ದರೆ ಬಹುಮಾನದಲ್ಲೂ ಅರ್ಧ ಅವರದ್ದೇ. 'ಆಕ್ಷನ್ ಮಾರುವುದು' ಎಂಬ ಈ ಪದ್ಧತಿ ಹವ್ಯಾಸಿಗಳಲ್ಲಿ ಸಾಮಾನ್ಯ, ಬುದ್ಧಿವಂತಿಕೆಯೂ ಹೌದು. ಆದರೆ ತೆರಿಗೆ ಕಡಿತವಾಗುವುದು ಗೆದ್ದವನ ಪ್ಯಾನ್ ನಂಬರಿನಲ್ಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿಟ್ಟ ಪಾಲಿನ ಲೆಕ್ಕ ಅಲ್ಲಿಂದ ಮುಂದೆ ಗೆಳೆತನವನ್ನೇ ಪರೀಕ್ಷೆಗೆ ಒಡ್ಡುತ್ತದೆ.

ಮನೆಯಲ್ಲಿ ಇದನ್ನೆಲ್ಲ ಹೇಳುವುದು ಇನ್ನೂ ಕಷ್ಟ. "ಇಸ್ಪೀಟಾಡೋಕೆ ಗೋವಾಕ್ಕೆ ಹೋಗ್ಬೇಕೇನೋ? ಇಲ್ಲೇ ಅರಳಿಕಟ್ಟೆ ಇಲ್ವಾ?" ಎನ್ನುವ ತಾಯಿಗೆ, "ಅದು ಇಸ್ಪೀಟಲ್ಲಮ್ಮ, ಟೂರ್ನಮೆಂಟು" ಎಂದರೆ ಉತ್ತರವಾಗುವುದಿಲ್ಲ. ಇಸ್ಪೀಟು ಅಡ್ಡೆ ಮೇಲೆ ದಾಳಿ, ಹತ್ತು ಜನರ ಬಂಧನ ಎಂಬ ಸುದ್ದಿಯನ್ನು ಜಿಲ್ಲಾ ಪುಟದಲ್ಲಿ ಓದಿಯೇ ಬೆಳೆದವರು ನಾವು. ಅಂದರ್-ಬಾಹರ್ ಅಡ್ಡೆಗೂ ಪೋಕರ್ ಟೇಬಲಿಗೂ ಇರುವ ವ್ಯತ್ಯಾಸವನ್ನು ನ್ಯಾಯಾಧೀಶರು ಮಾಡಿದ್ದಾರೆ, ನೆರೆಹೊರೆಯವರು ಮಾಡುವುದಿಲ್ಲ.

ನ್ಯಾಯಾಧೀಶರೂ ಒಂದೇ ದನಿಯಲ್ಲಿ ಹೇಳಿಲ್ಲ ಎನ್ನಿ. ರಮ್ಮಿ ಮೂರೆಲೆ ಆಟದಂತೆ ಪೂರ್ತಿ ಅದೃಷ್ಟದ್ದಲ್ಲ, ಬಿದ್ದ ಎಲೆ ನೆನಪಿಡುವ ಜಾಣ್ಮೆ ಬೇಕು ಎಂದು ಸುಪ್ರೀಂ ಕೋರ್ಟ್ ದಶಕಗಳ ಹಿಂದೆಯೇ ಹೇಳಿತು. ಪೋಕರ್ ವಾದವೆಲ್ಲ ಅದರ ಹೆಗಲೇರಿ ಬಂದದ್ದು. ಕೌಶಲದ ಆಟವಾಗಿ ಪೋಕರ್ ಆಡಿಸಲು ಲೈಸೆನ್ಸ್ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದ ಮೇಲೆ ಬೆಂಗಳೂರಿನಲ್ಲಿ ಕ್ಲಬ್‌ಗಳು ತಲೆಯೆತ್ತಿದವು. ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರ್ ಜೂಜೇ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ನಮ್ಮ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಕೇಂದ್ರದ ಹೊಸ ಕಾಯ್ದೆಯನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲೊಂದೂ ಬೆಂಗಳೂರಿನಲ್ಲೇ ದಾಖಲಾಯಿತು. ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಅಂಥ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು.

ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಇಂಥ ಆಟಗಳಿಂದ 45 ಕೋಟಿ ಜನ ತೊಂದರೆಗೊಳಗಾಗಿದ್ದಾರೆ, ಇಪ್ಪತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡಿದ್ದಾರೆ ಎಂಬುದು ಅದು ಕೊಟ್ಟ ಅಂದಾಜು. ದೇಶದ ಮೂವರಲ್ಲಿ ಒಬ್ಬ ಎನ್ನುವ ಆ ಸಂಖ್ಯೆ ನನಗೆ ಜೀರ್ಣವಾಗುವುದಿಲ್ಲ. ಆದರೆ ಹಾನಿ ನಿಜ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ಫೋನು, ಆಟಗಳ ಗೀಳು ಹತ್ತಿದವರಿಗೆಂದೇ ಕ್ಲಿನಿಕ್ ನಡೆಸುತ್ತಿದೆ. ಕ್ರಿಕೆಟ್ ಪಂದ್ಯದ ಓವರುಗಳ ನಡುವೆ ತಾರೆಯರು ಬಂದು ಇಷ್ಟು ಗೆಲ್ಲಿ ಅಷ್ಟು ಗೆಲ್ಲಿ ಎಂದು ಕರೆದು, ಕೊನೆಗೆ ಓಡುವ ಧಾಟಿಯಲ್ಲಿ ಎಚ್ಚರಿಕೆ ಓದಿ ಮುಗಿಸುತ್ತಿದ್ದುದನ್ನು ಎಲ್ಲರೂ ನೋಡಿದ್ದೇವೆ. ಆಟ ನಿಲ್ಲಿಸದ ಗಿರಾಕಿಯೇ ಕಂಪನಿಗಳಿಗೆ ಒಳ್ಳೆಯ ಗಿರಾಕಿಯಾಗಿದ್ದ. ದಿನಕ್ಕೆ ಇಷ್ಟೇ ಹಣ ಎಂಬ ಬಿಗಿ ಮಿತಿಯನ್ನು ಅವು ತಾವಾಗಿಯೇ ಹಾಕಿಕೊಂಡಿದ್ದರೆ ಈ ದಿನ ಬರುತ್ತಿತ್ತೇ ಎಂಬ ಪ್ರಶ್ನೆಯನ್ನು ಆ ಉದ್ಯಮ ತನಗೇ ಕೇಳಿಕೊಳ್ಳಲಿ.

ನಿಷೇಧದ ನಂತರ ಗೀಳು ಹತ್ತಿದವನು ಎಲ್ಲಿಗೆ ಹೋದ? ಬಹುಶಃ ಇರುವ ಜಾಗ ಮರೆಮಾಡುವ ವಿಪಿಎನ್ ತಂತ್ರಾಂಶ ಹಾಕಿಕೊಂಡು ಹೊರದೇಶದ ಸೈಟಿಗೆ. ಅಲ್ಲಿ ಗುರುತಿನ ಚೀಟಿ ಕೇಳುವವರಿಲ್ಲ, ತೆರಿಗೆ ಕಡಿಯುವವರಿಲ್ಲ, ಹಣ ಮುಳುಗಿದರೆ ದೂರು ಕೊಡಲು ಜಾಗವಿಲ್ಲ. ಲೆಕ್ಕ ಬರೆದಿಟ್ಟು ಆಡುತ್ತಿದ್ದ ಟೂರ್ನಮೆಂಟ್ ಹವ್ಯಾಸಿ ಅಲ್ಲಿಗೆ ಹೋಗಲು ಅಂಜುತ್ತಾನೆ. ಕೆಲಸ, ಬ್ಯಾಂಕ್ ಖಾತೆ, ಹೆಸರು ಎಲ್ಲ ಅಪಾಯಕ್ಕೆ ಸಿಗುತ್ತದೆ. ಹಾಗಾಗಿ ಕಾಯ್ದೆ ಯಾರ ಸಲುವಾಗಿ ಬಂತೋ ಅವರಿಗಿಂತ ಹೆಚ್ಚಾಗಿ ನಿಲ್ಲಿಸಿದ್ದು ಕಾಯ್ದೆಗೆ ಅಂಜುವವರನ್ನು.

ಬೇರೆ ದಾರಿ ಇರಲಿಲ್ಲವೇ? ಅದೇ ಕಾಯ್ದೆಯ ಇ-ಸ್ಪೋರ್ಟ್ಸ್, ಅಂದರೆ ವಿಡಿಯೊ ಗೇಮ್ ಸ್ಪರ್ಧೆಗಳ ಭಾಗವನ್ನು ಓದಿ. ಸ್ಪರ್ಧೆಗೆ ಸೇರಲು ನೋಂದಣಿ ಶುಲ್ಕ ಪಡೆಯಬಹುದು, ಗೆದ್ದವರಿಗೆ ಬಹುಮಾನದ ಹಣ ಕೊಡಬಹುದು, ಪಣ ಒಡ್ಡುವಂತಿಲ್ಲ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ನಡೆಯುವ ಓಪನ್ ಚೆಸ್ ಟೂರ್ನಿಯೂ ನಡೆಯುವುದು ಹೀಗೆಯೇ: ಪ್ರವೇಶ ಶುಲ್ಕ, ಕೊನೆಗೆ ನಗದು ಬಹುಮಾನ. ನಿಗದಿತ ಮೊತ್ತದ, ನಷ್ಟಕ್ಕೆ ಮಿತಿಯಿರುವ ಸಣ್ಣ ಪೋಕರ್ ಟೂರ್ನಮೆಂಟನ್ನು ಕ್ಯಾಶ್ ಗೇಮಿನಿಂದ ಬೇರ್ಪಡಿಸಿ ಈ ಸಾಲಿನ ಪಕ್ಕಕ್ಕೆ ತರಬಹುದಿತ್ತು. ಪೋಕರನ್ನು ಕೌಶಲದ ಆಟಗಳ ಪಟ್ಟಿಯಲ್ಲಿಟ್ಟು ಲೈಸೆನ್ಸ್ ಕೊಡುವ ಕಾನೂನನ್ನು ನಾಗಾಲ್ಯಾಂಡ್ 2016ರಲ್ಲೇ ಮಾಡಿತ್ತು, ಮಾದರಿ ಇಲ್ಲದೆಯೇನೂ ಇರಲಿಲ್ಲ.

ಆದರೆ ಹೀಗೆ ಕೇಳುವ ಮೊದಲು ಪೋಕರಿನವರು ತಮ್ಮ ಮನೆಯ ತೂತು ಮುಚ್ಚಬೇಕು. ಅದರ ಹೆಸರು ರೀ-ಎಂಟ್ರಿ. ಸೋತು ಹೊರಬಿದ್ದವನು ಮತ್ತೆ ಹಣ ಕಟ್ಟಿ ಹೊಸ ಚಿಪ್ಸ್ ಪಡೆದು ಒಳಬರಬಹುದು, ಮೊದಲ ಕೆಲವು ಗಂಟೆ ಎಷ್ಟು ಸಲ ಬೇಕಾದರೂ. ಇದಕ್ಕೆ ಆಟಗಾರರು 'ಬುಲೆಟ್' ಎನ್ನುತ್ತಾರೆ: "ಅವನು ಮೂರು ಬುಲೆಟ್ ಹಾಕಿದ." ದುಡ್ಡಿರುವವನು ಮೊದಲ ಬುಲೆಟನ್ನು ಹುಚ್ಚಾಪಟ್ಟೆ ಆಡುತ್ತಾನೆ. ಇಪ್ಪತ್ತು ಸಾವಿರಕ್ಕೆ ಮಿತಿ ಹಾಕಿಕೊಂಡು ಆರುನೂರು ಕಿಲೋಮೀಟರ್ ಬಸ್ಸಿನಲ್ಲಿ ಬಂದ ಹವ್ಯಾಸಿ ಮೊದಲ ಗಂಟೆಯಲ್ಲೇ ಎಕ್ಕದ ಜೋಡಿ ಸೋತರೆ, ಇನ್ನೆರಡು ದಿನ ಏನು ಮಾಡುವುದೆಂದು ತಿಳಿಯದೆ ಎರಡನೇ ಇಪ್ಪತ್ತು ಸಾವಿರ ತೆಗೆಯುತ್ತಾನೆ. ನಷ್ಟಕ್ಕೆ ಮಿತಿ ಇದೆ ಎಂಬ ಟೂರ್ನಮೆಂಟಿನ ಗುಣ ಅಲ್ಲಿಗೆ ಮುಗಿಯಿತು. ಚೆಸ್ಸಿನಲ್ಲಿ ಮೂರನೇ ಸುತ್ತು ಸೋತವನು ಇನ್ನೊಮ್ಮೆ ಶುಲ್ಕ ಕಟ್ಟಿ ಅಂಕ ಅಳಿಸಿಕೊಂಡು ಬರುವಂತಿಲ್ಲ. ವರ್ಲ್ಡ್ ಸೀರೀಸ್‌ನ ಮೇನ್ ಇವೆಂಟ್ ಕೂಡ ಇಂದಿಗೂ ಹಾಗೆಯೇ ಇದೆ, ಹೊರಬಿದ್ದವನು ಆ ವರ್ಷಕ್ಕೆ ಹೊರಗೇ. ನಮ್ಮಲ್ಲಿ ರೀ-ಎಂಟ್ರಿ ನಿಲ್ಲಿಸೋಣ ಎಂದರೆ ಬಹುಮಾನದ ಮೊತ್ತ ಕುಗ್ಗುತ್ತದೆ ಎಂದು ಆಡಿಸುವವರು ಒಪ್ಪುವುದಿಲ್ಲ, ತಮ್ಮ ಲಾಭ ಕುಗ್ಗುತ್ತದೆ ಎಂದು ವೃತ್ತಿಪರರೂ ಒಪ್ಪುವುದಿಲ್ಲ. ಇದು ಕ್ರೀಡೆ ಎಂದು ಸುಪ್ರೀಂ ಕೋರ್ಟಿನೆದುರು ವಾದಿಸುವ ಉದ್ಯಮಕ್ಕೂ ಇದೇ ಪ್ರಶ್ನೆ ಕಾದಿದೆ.